ಬ್ಯಾಟರಿ ಇಲ್ಲ, ಆದರೂ ಉತ್ತರ ಕೊಡುತ್ತದೆ!

ಮೊದಲು ಒಬ್ಬ ಹುಡುಗ ಮಾಡಿ ತೋರಿಸಿದ್ದನ್ನು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಒಂದು ಸರ್ವಿಸ್ ಸೆಂಟರ್. ಡ್ರೈವರ್ ಸೀಟಿನಲ್ಲಿ ಕುಳಿತ ಮೆಕ್ಯಾನಿಕ್ ಹುಡುಗ ಹೊಸ ಚಾವಿಯ ಕಪ್ಪು ಪ್ಲಾಸ್ಟಿಕ್ ತಲೆಗೆ ಬುತ್ತಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕಾರು ಸುತ್ತು ಬಿಗಿಯಾಗಿ ಸುತ್ತಿದ. ಚಾವಿ ಹಾಕಿ ತಿರುಗಿಸಿದ. ಬೀಗ ಸರಾಗವಾಗಿ ತಿರುಗಿತು, ಸ್ಟಾರ್ಟರ್ ಗಿರಗುಟ್ಟಿತು, ಎಂಜಿನ್ ಹೊತ್ತಿಕೊಂಡಿತು ಅನ್ನುವಷ್ಟರಲ್ಲಿ ಆರಿಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ ಪಿಳಿಪಿಳಿ ಎನ್ನುತ್ತಿತ್ತು. ಮತ್ತೊಮ್ಮೆ ತಿರುಗಿಸಿದ, ಮತ್ತೆ ಅದೇ ಕಥೆ. ಆಮೇಲೆ ಹಾಳೆ ಬಿಚ್ಚಿ ಪಕ್ಕಕ್ಕಿಟ್ಟು ಅದೇ ಚಾವಿಯನ್ನು ಅದೇ ಬೀಗಕ್ಕೆ ಹಾಕಿದ. ಮೊದಲ ತಿರುವಿಗೇ ಗಾಡಿ ಸ್ಟಾರ್ಟ್!

"ಚಾವಿ ಅದ ಐತ್ರಿ, ಹಲ್ಲೂ ಅವ ಅದಾವ್ರಿ. ಆದ್ರ ಹಾಳಿ ಸುತ್ತಿದಾಗ ಗಾಡಿಗೆ ಚಾವಿ ಮಾತು ಕೇಳಸ್ಲಿಲ್ರಿ" ಅಂದ.

ಅದು ಬಾಗಿಲು ತೆರೆಯುವ ಗುಂಡಿಯೂ ಇಲ್ಲದ ಸಾದಾ ಚಾವಿ. ಅದರೊಳಗೆ ಬ್ಯಾಟರಿ ಇಲ್ಲ, ವೈರ್ ಇಲ್ಲ, ಚಾರ್ಜ್ ಮಾಡುವ ತೂತಿಲ್ಲ. ಅಂಥದ್ದು ಮಾತಾಡುತ್ತದೆಯಂತೆ! ಇಷ್ಟು ವರ್ಷ ಜೇಬಿನಲ್ಲಿ ಚಿಲ್ಲರೆಯ ಜೊತೆ ಝಣಗುಡುತ್ತಿದ್ದ ವಸ್ತುವನ್ನು ನಾನು ಆ ಕ್ಷಣದವರೆಗೆ ನೋಡಿಯೇ ಇರಲಿಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಗಾಡಿ ದಾಂಡೇಲಿಯ ನಮ್ಮ ಮಾವನದು, ಕೆಎ-65 ನಂಬರಿನದು. ಇದ್ದೊಂದು ಚಾವಿ ಗಣೇಶಗುಡಿಯಲ್ಲಿ ಕಾಳಿ ಹೊಳೆಯ ಪಾಲಾಗಿತ್ತು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ರ‍್ಯಾಫ್ಟಿಂಗ್‌ಗೆ ಇಳಿಯುವ ಹೊಳೆ ಅದು. ಬಂಡೆಗಳ ನಡುವೆ ನೊರೆ ಕಾರುತ್ತ ಧುಮುಕುವ ಆ ಸೆಳವಿಗೆ ಜೇಬಿನಿಂದ ಜಾರಿದ್ದು ವಾಪಸು ಸಿಕ್ಕೀತು ಎಂದು ನಮ್ಮ ಕಡೆ ಯಾರೂ ಆಸೆ ಇಟ್ಟುಕೊಳ್ಳುವುದಿಲ್ಲ. ಜೊಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿಯ ತಳದಲ್ಲಿ ಎಷ್ಟು ಊರಿನ ಎಷ್ಟು ಚಾವಿಗಳು ಮಲಗಿವೆಯೋ!

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯವರಿಗೆ ಕಾರಿನ ದೊಡ್ಡ ಕೆಲಸ ಬಿದ್ದರೆ ಕಾಲು ತಾನಾಗಿ ಘಟ್ಟದ ಮೇಲಿನ ಬಯಲಿಗೆ, ಧಾರವಾಡ-ಹುಬ್ಬಳ್ಳಿಗೆ ತಿರುಗುತ್ತದೆ. ದಾಂಡೇಲಿಯಿಂದ ಧಾರವಾಡ 55 ಕಿ.ಮೀ. ಆಸುಪಾಸು, ಹಳಿಯಾಳದವರಿಗೆ ಇನ್ನೂ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಸಲೀಸು. ಉಳವಿ ಜಾತ್ರೆಗೆ ಬಂದವರು, ಹಾರ್ನ್‌ಬಿಲ್ ನೋಡಲು ಬಂದವರು, ಟಿಬೆಟನ್ ಕ್ಯಾಂಪಿನ ಮಠಗಳನ್ನು ನೋಡಲು ಬಂದವರು, ಯಾರೇ ಚಾವಿ ಕಳಕೊಂಡರೂ ಸುದ್ದಿ ಕೊನೆಗೆ ಮುಟ್ಟುವುದು ಅಲ್ಲಿನ ಸರ್ವಿಸ್ ಸೆಂಟರಿನ ಕೌಂಟರಿಗೆ. ಜೀಪು, ಅಂಬಾಸಿಡರ್‌ಗಳ ಕಾಲದಲ್ಲಿ ಇಷ್ಟು ದೂರ ಹೋಗುವ ಪ್ರಶ್ನೆಯೇ ಇರಲಿಲ್ಲ. ಸಂತೆಯಲ್ಲಿ ಕೂರುತ್ತಿದ್ದ ಚಾವಿಯವನು ಬೀಗದೊಳಗೆ ತಗಡು ತೂರಿಸಿ, ಗುರುತು ನೋಡಿ, ಅರ ಹಿಡಿದು ಉಜ್ಜಿದರೆ ಮುಗಿಯಿತು. ಅದೂ ಬೇಡವೆಂದರೆ ಸ್ಟಿಯರಿಂಗ್ ಕೆಳಗಿನ ಎರಡು ವೈರು ಮುಟ್ಟಿಸಿದರೂ ಎಂಜಿನ್ ಏಳುತ್ತಿತ್ತು. ಚಾವಿ ತಿರುಗಿಸಿ ಎಂಜಿನ್ ಎಬ್ಬಿಸುವ ರೂಢಿಯೇ 1949ರಲ್ಲಿ ಕ್ರೈಸ್ಲರ್ ಕಾರುಗಳಿಂದ ಶುರುವಾದದ್ದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊಟ್ಟಮೊದಲ ಮಾರುತಿ 800ರ ಚಾವಿಯನ್ನು ಒಬ್ಬ ಗ್ರಾಹಕರ ಕೈಗಿಟ್ಟಾಗ ದೇಶವೇ ನೋಡಿತಲ್ಲ, ಆ ಚಾವಿ ಕೂಡ ಬರೀ ಹಲ್ಲು ಕತ್ತರಿಸಿದ ಲೋಹ.

ಈಗ ಹಾಗಲ್ಲ. ಕೌಂಟರಿನಲ್ಲಿ ಮೊದಲು ಕೇಳಿದ್ದು ಆರ್‌ಸಿ, ಆಧಾರ್, ಇನ್ಶೂರೆನ್ಸ್ ಕಾಗದ, ಚಾವಿ ಕಳೆದಿದೆ ಎಂಬುದಕ್ಕೆ ಪೊಲೀಸರಿಂದ ಒಂದು ದಾಖಲೆ. ಕಾಗದಗಳ ಮೇಲೆ ಕಣ್ಣಾಡಿಸಿದ ಮೇಲೆ, "ಗಾಡಿ ತೊಗೊಳ್ಳುವಾಗ ಚಾವಿ ಜೋಡಿ ಒಂದ ಸಣ್ಣ ಬಿಲ್ಲೆ ಕೊಟ್ಟಿದ್ರಲ್ರಿ ಕಾಕಾರ, ಅದರ ಮ್ಯಾಲೆ ನಂಬರ್ ಇರತೈತ್ರಿ, ಐತೇನು?" ಎಂದು ಮಾವನನ್ನು ಕೇಳಿದರು. ಮಾವ ಅದನ್ನು ಎಲ್ಲೋ ಎಸೆದಿದ್ದ. ಎಷ್ಟೋ ಮನೆಗಳಲ್ಲಿ ಆ ಬಿಲ್ಲೆ ಮಕ್ಕಳ ಆಟಿಕೆಯಾಗಿ ಹೋಗಿರುತ್ತದೆ. ಅದು ಚಾವಿಯ ಜಾತಕ. ಆ ಪುಟ್ಟ ಸಂಖ್ಯೆಯಲ್ಲಿ ಯಾವ ಹಲ್ಲು ಎಷ್ಟು ಆಳ ಎನ್ನುವುದಷ್ಟೂ ಅಡಗಿದೆ. ಕಳೆದುಹೋದ ಚಾವಿಯ ಮಾದರಿ ಕೈಯಲ್ಲಿಲ್ಲದೆ, ಬೀಗವನ್ನು ಬಿಚ್ಚದೆ, ಬರೀ ಆ ಸಂಖ್ಯೆಯಿಂದ ಅದೇ ಚಾವಿಯನ್ನು ಮತ್ತೆ ಕತ್ತರಿಸಬಹುದು!

ಬಿಲ್ಲೆ ಇಲ್ಲದಿದ್ದರೆ? ಚಾಸಿ ನಂಬರ್ ಇದೆಯಲ್ಲ. 17 ಅಕ್ಷರ-ಅಂಕಿಗಳ ಆ ಸಾಲನ್ನು ನಾನು ಆವತ್ತು ಮೊದಲ ಸಲ ಬೆರಳಿಟ್ಟು ಓದಿದೆ. ಎಂಎ3 ಎಂದು ಶುರುವಾದರೆ ಮಾರುತಿ ಸುಜುಕಿ, ಎಂಎಎಲ್ ಎಂದರೆ ಹುಂಡೈ, ಎಂಎಟಿ ಎಂದರೆ ಟಾಟಾ, ಎಂಎ1 ಎಂದರೆ ಮಹೀಂದ್ರ. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಅದರಲ್ಲಿ ಎಲ್ಲೂ ಬರುವುದಿಲ್ಲ. ಒಂದು, ಸೊನ್ನೆಗಳ ಜೊತೆ ಯಾರೂ ಗೊಂದಲ ಮಾಡಿಕೊಳ್ಳಬಾರದೆಂದು ಜಗತ್ತೇ ಒಪ್ಪಿ ಬಿಟ್ಟಿರುವ ಅಕ್ಷರಗಳವು. ಆ ಸಾಲು ಕಂಪನಿಗೆ ಹೋಗುತ್ತದೆ, ಅಲ್ಲಿ ದಾಖಲೆ ತೆರೆಯುತ್ತದೆ, ಈ ಗಾಡಿ ಹುಟ್ಟಿದ ದಿನ ಅದಕ್ಕೆ ಯಾವ ಬೀಗ ಕೂರಿಸಿದ್ದರು ಎಂಬುದು ಹೊರಬರುತ್ತದೆ. ದಾಂಡೇಲಿಯ ಪೇಪರ್ ಮಿಲ್ಲಿನ ಓಣಿಯಲ್ಲಿ ನಿಂತಿದ್ದ ಒಂದು ಹಳೇ ಗಾಡಿಯ ಚಾವಿಯ ಹಲ್ಲುಗಳನ್ನು ಎಲ್ಲೋ ದೂರದ ಕಡತವೊಂದು ವರ್ಷಗಟ್ಟಲೆ ನೆನಪಿಟ್ಟುಕೊಂಡಿತ್ತು.

ಆದರೂ ಲೋಹದ ಹಲ್ಲುಗಳು ಕಾಯುವುದು ಸ್ವಲ್ಪವೇ. ಎಂಟು ಜಾಗ, ಒಂದೊಂದರಲ್ಲಿ ನಾಲ್ಕು ಆಳ ಎಂದಿಟ್ಟುಕೊಂಡು ಗುಣಿಸಿ ನೋಡಿ, 65,536 ಬಗೆಯ ಚಾವಿಗಳಾಗುತ್ತವೆ, ಅಷ್ಟೇ. ಲಕ್ಷಗಟ್ಟಲೆ ಗಾಡಿ ಮಾರುವ ಕಂಪನಿಗೆ ಇದು ಏತಕ್ಕೆ ಸಾಲುತ್ತದೆ? ನಿಮ್ಮ ಚಾವಿಯ ಹಲ್ಲೇ ಇರುವ ಇನ್ನೊಂದು ಚಾವಿ ಇನ್ಯಾರದೋ ಜೇಬಿನಲ್ಲಿ ಇದ್ದೇ ಇರಬಹುದು! ನಿಜವಾದ ಕಾವಲು ಆ ಕಪ್ಪು ಪ್ಲಾಸ್ಟಿಕ್ಕಿನೊಳಗಿದೆ. ನನ್ನನ್ನು ಹುಚ್ಚು ಹಿಡಿಸಿದ್ದೂ ಅದೇ.

ಆ ಹುಡುಗ ಒಡೆದುಹೋದ ಹಳೇ ಚಾವಿಯೊಂದರ ತಲೆ ಬಿಚ್ಚಿ ಅಂಗೈ ಮೇಲೆ ಇಟ್ಟ. ಒಳಗೆ ಅಕ್ಕಿಕಾಳಿಗಿಂತ ಒಂಚೂರು ದೊಡ್ಡ ಗಾಜಿನ ಕೊಳವೆ. ಬೆಳಕಿಗೆ ಹಿಡಿದರೆ ಅದರೊಳಗೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ, ಅದರ ತುದಿಗೆ ಚುಕ್ಕೆಯಂಥ ಚಿಪ್. ಇಷ್ಟೇ. ಇದರ ಜೋಡಿ ಗಾಡಿಯ ಕಡೆ ಇದೆ. ಚಾವಿ ಹಾಕುವ ತೂತಿನ ಸುತ್ತ, ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ, ಬಳೆಯಂತೆ ಸುತ್ತಿದ ಇನ್ನೊಂದು ಸುರುಳಿ. ನೀವು ಚಾವಿ ತಿರುಗಿಸಿದೊಡನೆ ಆ ಬಳೆಯಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಹಿಂದಕ್ಕೂ ಮುಂದಕ್ಕೂ ತೂಗುವ ವಿದ್ಯುತ್ ಹರಿಯುತ್ತದೆ. ಹರಿದಾಗ ಸುತ್ತ ಕಾಂತಕ್ಷೇತ್ರ ಮಿಡಿಯುತ್ತದೆ. ಮಿಡಿಯುವ ಕಾಂತಕ್ಷೇತ್ರದಲ್ಲಿ ಇನ್ನೊಂದು ಸುರುಳಿ ಇದ್ದರೆ ಅದರಲ್ಲಿ ತಾನಾಗಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದು ಇದನ್ನೇ. ಅದೇ ನಿಯಮದಿಂದ ಕಾಳಿಯ ನೀರು ನಾಗಝರಿಯಲ್ಲಿ ಟರ್ಬೈನು ತಿರುಗಿಸಿ ರಾಜ್ಯಕ್ಕೆ ಕರೆಂಟು ಕೊಡುತ್ತದೆ. ಅದೇ ನಿಯಮ ಅಕ್ಕಿಕಾಳಿನೊಳಗೂ ನಡೆಯುತ್ತಿದೆ! ಸತ್ತಂತೆ ಬಿದ್ದಿದ್ದ ಚಿಪ್ ಗಾಡಿ ಕೊಟ್ಟ ಆ ಒಂದು ಗುಟುಕು ವಿದ್ಯುತ್ತಿನಿಂದ ಎಚ್ಚರಗೊಂಡು, ಬಾಯಿ ತೆರೆದು, ಮಾತಾಡಿ, ಚಾವಿ ಹೊರತೆಗೆದೊಡನೆ ಮತ್ತೆ ಸತ್ತಂತಾಗುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ, ಕೆಲವೇ ಸೆಂಟಿಮೀಟರ್ ಜಾಗದಲ್ಲಿ. ಧಾರವಾಡ ಆಕಾಶವಾಣಿ 765 ಕಿಲೊಹರ್ಟ್ಸ್‌ನಲ್ಲಿ ಇಡೀ ಉತ್ತರ ಕರ್ನಾಟಕಕ್ಕೆ ಕೇಳಿಸುವಂತೆ ಹೇಳುತ್ತದೆ. ಈ ಬಳೆ 125 ಕಿಲೊಹರ್ಟ್ಸ್‌ನಲ್ಲಿ ಒಂದೇ ಒಂದು ಚಾವಿಗೆ ಮಾತ್ರ ಕೇಳಿಸುವಂತೆ ಪಿಸುಗುಟ್ಟುತ್ತದೆ. ಅಲ್ಯೂಮಿನಿಯಂ ಹಾಳೆ ಮಾಡಿದ್ದಿಷ್ಟೇ, ಆ ಪಿಸುಮಾತಿಗೆ ಅಡ್ಡ ನಿಂತಿತು.

ಮಾತೇನು? ಶುರುವಿನ ಚಿಪ್‌ಗಳು ಬರೀ ತಮ್ಮ ನಂಬರ್ ಹೇಳುತ್ತಿದ್ದವು. ಕದ್ದು ಕೇಳಿದವನು ಅದೇ ನಂಬರ್ ಹೇಳಿಬಿಡಬಹುದಿತ್ತು. ಆಮೇಲಿನವು ಹಾಗೆ ಮಾಡುವುದಿಲ್ಲ. ಗಾಡಿ ಪ್ರತಿ ಸಲ ಒಂದು ಹೊಸ ಸಂಖ್ಯೆಯನ್ನು, ಎಂದೂ ಮುಂಚೆ ಊಹಿಸಲಾಗದ ಒಂದು ಸಂಖ್ಯೆಯನ್ನು ಚಾವಿಗೆ ಎಸೆಯುತ್ತದೆ. ಚಾವಿ ತನ್ನೊಳಗಿನ ಗುಟ್ಟಿನ ಸಂಖ್ಯೆಯ ಜೊತೆ ಅದನ್ನು ಕಲಸಿ ಬಂದ ಫಲವನ್ನು ವಾಪಸು ಹೇಳುತ್ತದೆ. ಗಾಡಿಯ ಬಳಿಯೂ ಅದೇ ಗುಟ್ಟು ಇದೆ, ಅದೂ ಲೆಕ್ಕ ಮಾಡಿ ನೋಡುತ್ತದೆ. ಎರಡೂ ತಾಳೆಯಾದರೆ ಮಾತ್ರ ಇಂಧನ, ಕಿಡಿ. ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಜೋಡಿ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳಿದ ಹೊರತು ಒಳಗೆ ಬಿಡುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ನಿನ್ನೆಯ ಒಡಪು ಇವತ್ತು ನಡೆಯುವುದಿಲ್ಲ, ಮತ್ತು ಒಡಪಿನೊಳಗಿನ ಹೆಸರು ಕೊನೆಗೂ ಯಾರ ಬಾಯಲ್ಲೂ ಬರುವುದಿಲ್ಲ. ಪಕ್ಕದಲ್ಲೇ ನಿಂತು ಪ್ರಶ್ನೆಯನ್ನೂ ಉತ್ತರವನ್ನೂ ಕೇಳಿಸಿಕೊಂಡವನಿಗೆ ಗುಟ್ಟು ಮಾತ್ರ ತಿಳಿಯುವುದಿಲ್ಲ. ಗಾಳಿಯಲ್ಲಿ ಅದು ಹಾರುವುದೇ ಇಲ್ಲ!

ಈ ಗಾಜಿನ ಕೊಳವೆಯ ನೆಂಟಸ್ತಿಕೆ ಕೇಳಿದರೆ ಇನ್ನೂ ಬೆರಗು. ದನಕರುಗಳನ್ನು ಗುರುತಿಸಲು ಚರ್ಮದಡಿ ಸೇರಿಸುವ ಚಿಪ್, ಸಾಕಾನೆಗಳಿಗೆ ಅರಣ್ಯ ಇಲಾಖೆ ಹಾಕಿಸುವ ಚಿಪ್, ಎಲ್ಲವೂ ಇದೇ ಕುಲದವು, ಇದೇ ಬ್ಯಾಟರಿಯಿಲ್ಲದ ಸುರುಳಿಗಳು. ಆನೆಯ ಮೈಯಲ್ಲಿ ಕುಳಿತದ್ದು ಬರೀ ಹೆಸರು ಹೇಳುತ್ತದೆ, ಚಾವಿಯಲ್ಲಿ ಕುಳಿತದ್ದು ಲೆಕ್ಕವನ್ನೂ ಮಾಡುತ್ತದೆ.

ಇಲ್ಲಿಗೆ ಬರಲು ದಾರಿ ನೇರವಾಗೇನೂ ಇರಲಿಲ್ಲ. 1986ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಕಾರ್ವೆಟ್ ಕಾರಿನ ಚಾವಿಯಲ್ಲಿ ಒಂದು ರೆಸಿಸ್ಟರ್ ಹುದುಗಿಸಿತು. ಇದ್ದದ್ದು ಒಟ್ಟು 15 ಬಗೆಯ ಬೆಲೆಗಳು, ಹದಿನೈದೂ ಪ್ರಯತ್ನಿಸಿದವನು ಗೆದ್ದ. ಯುರೋಪ್ 1998ರಿಂದ ಹೊಸ ಕಾರುಗಳಿಗೆ ಎಲೆಕ್ಟ್ರಾನಿಕ್ ಇಮ್ಮೊಬಿಲೈಸರ್ ಅನ್ನು, ಅಂದರೆ ಸರಿಯಾದ ಚಾವಿ ಇಲ್ಲದೆ ಎಂಜಿನ್ ಏಳದಂತೆ ತಡೆಯುವ ಈ ಕಾವಲನ್ನು, ಕಡ್ಡಾಯ ಮಾಡಿತು. ಅದರಿಂದ ನೆದರ್ಲೆಂಡ್ಸ್‌ನಲ್ಲಿ ಕಾರು ಕಳವು ಸುಮಾರು ಶೇ. 40ರಷ್ಟು ಇಳಿಯಿತೆಂದು ಅಲ್ಲಿನ ಇಬ್ಬರು ಅರ್ಥಶಾಸ್ತ್ರಜ್ಞರು, ಯಾನ್ ವಾನ್ ಔರ್ಸ್ ಮತ್ತು ಬೆನ್ ವೊಲಾರ್ಡ್, ಲೆಕ್ಕ ಹಾಕಿದ್ದಾರೆ. ಅಕ್ಕಿಕಾಳು ಮಾಡಿದ ಕೆಲಸ! ಕಡ್ಡಾಯ ಮಾಡದ ಅಮೆರಿಕದಲ್ಲಿ ಏನಾಯಿತು ನೋಡಿ. ಇಮ್ಮೊಬಿಲೈಸರ್ ಇಲ್ಲದ ಕಿಯಾ, ಹುಂಡೈ ಕಾರುಗಳನ್ನು ಒಂದು ಯುಎಸ್‌ಬಿ ವೈರಿನ ತುದಿಯಿಂದ ಎಬ್ಬಿಸುವುದನ್ನು ಹುಡುಗರು ವಿಡಿಯೊ ಮಾಡಿ ಹರಡಿಬಿಟ್ಟರು. 2023ರಲ್ಲಿ ಆ ಕಂಪನಿಗಳು ಸುಮಾರು 83 ಲಕ್ಷ ಗಾಡಿಗಳಿಗೆ ಸಾಫ್ಟ್‌ವೇರ್ ತಿದ್ದುಪಡಿ ಕೊಡಬೇಕಾಯಿತು.

ಚಿಪ್ ಇದ್ದಲ್ಲಿಯೂ ಹೋರಾಟ ನಿಂತಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪಿನ ಗುಟ್ಟು 40 ಬಿಟ್ ಉದ್ದದ್ದು, ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. 2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ ಲೆಕ್ಕ ಹಾಕುವ 16 ಚಿಪ್‌ಗಳನ್ನು ಒಟ್ಟಿಗೆ ದುಡಿಸಿ ಒಂದು ಗಂಟೆಯೊಳಗೆ ಅದನ್ನು ಹುಡುಕಿ ತೆಗೆಯಿತು. ಇನ್ನೊಂದು ಬಗೆಯ ಚಿಪ್ಪಿನ ದೋಷ ಕಂಡುಹಿಡಿದ ಯುರೋಪಿನ ಸಂಶೋಧಕರಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಪ್ರಕಟಣೆಗೆ ತಡೆ ಹಾಕಿತು. 2015ರಲ್ಲಿ ಆ ಪ್ರಬಂಧ ಹೊರಬಂದಾಗ ಅದರಿಂದ ಒಂದೇ ಒಂದು ವಾಕ್ಯವನ್ನು ತೆಗೆದುಹಾಕಲಾಗಿತ್ತು. ಒಂದು ವಾಕ್ಯ! ಈಗ ಬರುತ್ತಿರುವ ಎಷ್ಟೋ ಚಿಪ್‌ಗಳ ಗುಟ್ಟು 128 ಬಿಟ್ಟಿನದು. ಅದರ ಸಾಧ್ಯತೆಗಳನ್ನು ಬರೆಯಲು 39 ಅಂಕಿ ಬೇಕು. ಗಾಡಿ ಕಾಯುವುದಕ್ಕೆ ಬ್ಯಾಂಕಿನ ಗಣಿತ ಬಂದು ಕೂತಿದೆ.

ಇಷ್ಟೆಲ್ಲ ತಿಳಿದ ಮೇಲೆ ಆ ಸರ್ವಿಸ್ ಸೆಂಟರಿನಲ್ಲಿ ನಡೆದ ಕೊನೆಯ ಕೆಲಸದ ಅರ್ಥವಾಯಿತು. ಕಂಪನಿಯಿಂದ ಹೊಸ ಚಾವಿ ಬಂದಿದೆ ಎಂದು ಫೋನ್ ಬಂದಾಗ ಮಾವ ಬಸ್ಸು ಹಿಡಿದು ಹೋಗಿ ಇಸಿದುಕೊಂಡು ಬರೋಣ ಅಂದುಕೊಂಡಿದ್ದ. "ಚಾವಿ ಒಂದ ಒಯ್ದು ಏನ್ ಮಾಡತೀರಿ ಕಾಕಾರ? ಬಾಗಲಾ ತಗಿಯತೈತಿ, ಗಾಡಿ ಚಾಲೂ ಆಗಂಗಿಲ್ರಿ. ಗಾಡಿನ ತರಬೇಕ್ರಿ" ಅಂದಿದ್ದರು. ಅದಕ್ಕೇ ಗಾಡಿ ಹಳಿಯಾಳ ದಾಟಿ ಹುಬ್ಬಳ್ಳಿಯವರೆಗೆ ಟೋಯಿಂಗ್ ಟ್ರಕ್ಕಿನ ಬೆನ್ನೇರಿ ಬಂದದ್ದು. ಗುಟ್ಟು ಇರುವುದು ಗಾಡಿಯ ತಲೆಯಲ್ಲಿ. ಹೊಸ ಚಾವಿಯನ್ನು ಗಾಡಿಯೇ ಕಣ್ಣಾರೆ ಕಂಡು ಒಪ್ಪಬೇಕು. ಡೀಲರ್ ಕೈಯಲ್ಲಿರುವುದು ಪರಿಚಯ ಮಾಡಿಸುವ ಅಧಿಕಾರ, ಅಷ್ಟೇ.

ಪರಿಚಯ ಹೀಗೆ ನಡೆಯಿತು. ಸ್ಟಿಯರಿಂಗ್ ಕೆಳಗೆ, ಮೊಣಕಾಲು ತಾಗುವಲ್ಲಿ, ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಹುಡುಗ ಅಲ್ಲಿಗೆ ಸ್ಕ್ಯಾನರಿನ ವೈರ್ ಚುಚ್ಚಿದ. ಕಂಪನಿಯ ಸರ್ವರಿನಿಂದ ಪಡೆದ ಭದ್ರತಾ ಕೋಡ್ ಒತ್ತಿದ. ಪರದೆ ಮೇಲೆ ಈ ಗಾಡಿಗೆ ಎಷ್ಟು ಚಾವಿ ಗೊತ್ತು ಎಂಬ ಸಂಖ್ಯೆ ಮೂಡಿತು: 2. ಮನೆಯಲ್ಲಿ ಎಂದೋ ಕಳೆದದ್ದೊಂದು, ಹೊಳೆಗೆ ಬಿದ್ದದ್ದೊಂದು, ಎರಡನ್ನೂ ಗಾಡಿ ಇನ್ನೂ ನೆನಪಿಟ್ಟುಕೊಂಡಿತ್ತು. ಹುಡುಗ ಎರಡನ್ನೂ ಅಳಿಸಿದ. ಸಂಖ್ಯೆ ಸೊನ್ನೆಯಾಯಿತು. ಆ ಕೆಲವು ಕ್ಷಣ ಆ ಗಾಡಿಗೆ ಲೋಕದಲ್ಲಿ ಯಾರೂ ತನ್ನವರಿರಲಿಲ್ಲ! ಆಮೇಲೆ ಹೊಸ ಚಾವಿ ಹಾಕಿ ಆನ್ ಮಾಡಿದ, ದೀಪ ಮಿನುಗಿ ಆರಿತು, ಸಂಖ್ಯೆ 1. ಎರಡನೆಯದನ್ನು ಹಾಕಿದ, 2. ಅಳಿಸಿದ ಹಳೇ ಚಾವಿ ನಾಳೆ ಯಾರ ಕೈಗಾದರೂ ಸಿಕ್ಕರೆ ಬಾಗಿಲು ತೆರೆದೀತು, ಬೀಗದಲ್ಲಿ ತಿರುಗೀತು, ಆದರೆ ಎಂಜಿನ್ ಅದರ ಮಾತು ಕೇಳುವುದಿಲ್ಲ. ಮನೆಯಲ್ಲಿ ಒಂದು ಚಾವಿ ಉಳಿದಿದ್ದವರು ಹೋಗುವಾಗ ಅದನ್ನೂ ಒಯ್ಯಬೇಕು ಎನ್ನುವುದು ಇದಕ್ಕೇ. ಎಷ್ಟೋ ಗಾಡಿಗಳಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಸೇರಿಸುತ್ತಾರೆ, ಆ ಹೊತ್ತಿಗೆ ಎದುರಿಗಿಲ್ಲದ ಚಾವಿ ಹೊರಗುಳಿಯುತ್ತದೆ. ಇನ್ನೊಂದು ಮಾತನ್ನೂ ಕೌಂಟರಿನವರು ಹೇಳಿದರು, ನಾಲ್ಕೂ ತಾಲ್ಲೂಕಿನವರ ಕಿವಿಗೆ ಬೀಳಲಿ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡೂ ಚಾವಿ ಕೇಳುತ್ತಾರೆ. ಪಾಲಿಸಿ ಮಾಡಿಸುವಾಗಲೇ ಚಾವಿ ಬದಲಿಯ ಖರ್ಚು ಕೊಡುವ ಆ್ಯಡ್-ಆನ್ ಕೂಡ ಸಿಗುತ್ತದೆ. ಬಿಲ್ಲೆಯ ನಂಬರನ್ನು ಬರೆದಿಟ್ಟುಕೊಂಡಿದ್ದರೆ ನಮ್ಮ ಅರ್ಧ ಓಡಾಟ ಉಳಿಯುತ್ತಿತ್ತು.

ನನಗಂತೂ ಈ ಹುಚ್ಚು ಇಳಿಯಲಿಲ್ಲ. ಜೊಯಿಡಾ ಕಡೆಯ ಕಾಡಿನಲ್ಲಿ ಹೋಮ್‌ಸ್ಟೇ ನಡೆಸುವ ಗೆಳೆಯನ ಮನೆಗೆ ಹೋದಾಗ ಅವನ ಬಟನ್ ಒತ್ತುವ ಗಾಡಿಯ ಹಿಂದೆ ಬಿದ್ದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚು ಅದು, ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ. ಅಣಶಿ ಘಾಟಿನ ಕಡೆಗೆ ಹೋದರೂ ಅದೇ ಪಾಡು. ಫೋನ್ ಪೇ ನಡೆಯದ, ಮನೆಯವರಿಗೆ ಬಂದು ಮುಟ್ಟಿದೆವು ಎಂದು ಹೇಳಲೂ ಆಗದ ಜಾಗದಲ್ಲಿ ಆ ಗಾಡಿ ಮತ್ತು ಚಾವಿ ಯಾವ ಟವರಿನ ಹಂಗೂ ಇಲ್ಲದೆ ತಮ್ಮ ಪಾಡಿಗೆ ಗಣಿತ ಮಾಡಿಕೊಳ್ಳುತ್ತಿದ್ದವು! ಇಂಥ ಗಾಡಿಯ ಚಾವಿಯೊಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಗಾಡಿ 125 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಕರೆಯುತ್ತದೆ, ಜೇಬಿನಲ್ಲಿದ್ದ ಚಾವಿ 433 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತದೆ.

"ಬ್ಯಾಟರಿ ಮುಗಿದ್ರ ಈ ಅಡವ್ಯಾಗ ಏನ್ ಮಾಡೂದೋ?" ಎಂದು ಅವನಿಗೆ ಮೊದಲಿಂದಲೂ ಚಿಂತೆ. ಚಾವಿಯ ಬೆನ್ನು ಬಿಚ್ಚಿ ಆ ಬ್ಯಾಟರಿಯನ್ನು ಹೊರತೆಗೆದು ಅವನ ಅಂಗೈಗೆ ಇಟ್ಟೆ. ಚಾವಿಯೊಳಗೆ ಮಡಚಿಟ್ಟ ಲೋಹದ ಸಣ್ಣ ಚಾವಿಯಿಂದ ಬಾಗಿಲು ತೆರೆದೆವು. ಬ್ರೇಕ್ ತುಳಿದು, ಖಾಲಿ ಚಾವಿಯನ್ನು ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿದೆ. ಬಟನ್‌ನ ಹಿಂದೆ ಅದೇ ಬಳೆ, ಚಾವಿಯೊಳಗೆ ಅದೇ ಸುರುಳಿ. ಗಾಡಿ ಸ್ಟಾರ್ಟ್ ಆಯಿತು. ಅವನು "ಆಂ?" ಎಂದು ಬಾನೆಟ್ ಕಡೆಗೊಮ್ಮೆ, ಅಂಗೈ ಮೇಲಿನ ಬ್ಯಾಟರಿ ಕಡೆಗೊಮ್ಮೆ ನೋಡಿದ.

ಬ್ಯಾಟರಿ ಮತ್ತೆ ಕೂರಿಸಿದ ಮೇಲೆ ಅವನ ಸರದಿ. ಚಾವಿಯನ್ನು ಸೀಟಿನ ಮೇಲೆ ಎಸೆದು, ಹೊರಗಿಳಿದು ಬಾಗಿಲು ಹಾಕಿ ಹಿಡಿಕೆಯ ಗುಂಡಿ ಒತ್ತಿದ. ಗಾಡಿ ಲಾಕ್ ಆಗಲೊಲ್ಲದು, ಕುಂಯ್ ಕುಂಯ್ ಎಂದು ಕೂಗಿತು. ಚಾವಿ ಜೇಬಿಗೆ ಹಾಕಿಕೊಂಡು ಒತ್ತಿದ, ತಕ್ಷಣ ಲಾಕ್. ಬಾಗಿಲ ಹಿಡಿಕೆಯಲ್ಲಿ, ಸೀಟುಗಳ ನಡುವೆ, ಡಿಕ್ಕಿಯಲ್ಲಿ ಬೇರೆಬೇರೆ ಆಂಟೆನಾಗಳು ಕೂತಿರುತ್ತವೆ. ಯಾವುದರ ಕರೆ ಚಾವಿಗೆ ಜೋರಾಗಿ ಕೇಳಿಸಿತು ಎಂಬುದರಿಂದ ಚಾವಿ ಒಳಗಿದೆಯೋ ಹೊರಗಿದೆಯೋ ಎಂದು ಗಾಡಿ ತೀರ್ಮಾನಿಸುತ್ತದೆ ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅವನು ಡಿಕ್ಕಿ ತೆರೆದು ಚಾವಿಯನ್ನು ಸ್ಟೆಪ್ನಿಯ ಪಕ್ಕದಲ್ಲಿ ಇಟ್ಟು, "ಹಂಗಾರ ಇಲ್ಲಿ?" ಎಂದು ಬಾಗಿಲು ಹಾಕಲು ಹೊರಟಿದ್ದ.